ಕಲ್ಲು, ಹೆಸರು ಮತ್ತು ಸೇವೆ: ವೀರಗಲ್ಲಿನಿಂದ ರೆಜಿಮೆಂಟಿನ ಸ್ಮಾರಕದವರೆಗೆ

ಯುದ್ಧವನ್ನು ಕುರಿತ ಬರವಣಿಗೆ ನಮ್ಮಲ್ಲಿ ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿದೆ. ರಾಜಮನೆತನಗಳ ಏಳುಬೀಳುಗಳನ್ನು ವಿವರಿಸುವ ರಾಜಕೀಯ ಚರಿತ್ರೆ ಒಂದು ದಾರಿ. ಯುದ್ಧದ ಸುತ್ತ ಹಬ್ಬಿಕೊಂಡಿರುವ ಬಿಡಿ ಮಾಹಿತಿಗಳ ಸಂಗ್ರಹ ಇನ್ನೊಂದು ದಾರಿ. ಯಾವ ರೆಜಿಮೆಂಟು ಎಲ್ಲಿ ಕಾದಿತು, ಎಷ್ಟು ಫಿರಂಗಿಗಳನ್ನು ವಶಪಡಿಸಿಕೊಂಡಿತು, ಯಾವುದು ಮೊದಲನೆಯದು, ಯಾವುದು ಕೊನೆಯದು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವ ಆಸಕ್ತಿ ಇದು. ಈ ಎರಡನೆಯ ದಾರಿಯನ್ನು ಹವ್ಯಾಸಿಗಳ ಕೆಲಸವೆಂದು ತಳ್ಳಿಹಾಕುವಂತಿಲ್ಲ. ಎಷ್ಟೋ ಸ್ಮಾರಕಗಳ ಮೇಲಿನ ಬರಹ ಉಳಿದುಬಂದಿರುವುದೇ ಇಂಥ ಆಸಕ್ತರಿಂದ. ಆದರೆ ಯುದ್ಧದಲ್ಲಿ ಸತ್ತವನನ್ನು ಒಂದು ಸಮುದಾಯ ಹೇಗೆ ನೆನೆಯುತ್ತದೆ, ಯಾರ ಹೆಸರನ್ನು ಕಲ್ಲಿಗೆ ಏರಿಸುತ್ತದೆ, ಯಾರದನ್ನು ಬಿಡುತ್ತದೆ, ಆ ಕಲ್ಲಿನ ಮುಂದೆ ದೀಪ ಹಚ್ಚುವವರು ಯಾರು ಎಂಬ ಪ್ರಶ್ನೆಗಳು ಈ ಎರಡೂ ದಾರಿಗಳಲ್ಲಿ ಬದಿಗೆ ಸರಿದಿವೆ. ಇವು ಜಾನಪದ ಅಧ್ಯಯನಕ್ಕೆ ಸೇರಿದ ಪ್ರಶ್ನೆಗಳು.

ಯುದ್ಧ ಸ್ಮಾರಕವನ್ನು ಒಂದು ಪಠ್ಯವೆಂದು ಭಾವಿಸಿ ಓದುವ ಪ್ರಯತ್ನವನ್ನು ಪ್ರಸ್ತುತ ಪ್ರಬಂಧದಲ್ಲಿ ಮಾಡಲಾಗಿದೆ. ಒಂದು ಕಡೆ ಕರ್ನಾಟಕದ ವೀರಗಲ್ಲುಗಳಿವೆ. ಇನ್ನೊಂದು ಕಡೆ ವಸಾಹತು ಕಾಲದಲ್ಲಿಯೂ ಆಮೇಲೆಯೂ ಎದ್ದುನಿಂತ ರೆಜಿಮೆಂಟುಗಳ ಸ್ಮಾರಕಗಳಿವೆ. ಇವೆರಡನ್ನೂ ಎದುರುಬದುರಾಗಿ ಇಟ್ಟು ನೋಡಿದಾಗ ಪ್ರತಿಯೊಂದರ ಬಲವೂ ಮಿತಿಯೂ ಹೆಚ್ಚು ಸ್ಪಷ್ಟವಾಗುತ್ತವೆ.

1. ವೀರಗಲ್ಲಿನ ಒಳರಚನೆ

ವೀರಗಲ್ಲುಗಳ ಅಧ್ಯಯನಕ್ಕೆ ಕನ್ನಡದಲ್ಲಿ ಗಟ್ಟಿಯಾದ ತಳಹದಿ ಇದೆ. ಬಿ.ಎಲ್. ರೈಸ್ ಅವರ ನೇತೃತ್ವದಲ್ಲಿ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳು ಮೂಲಸಾಮಗ್ರಿಯನ್ನು ಒದಗಿಸಿದವು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು (1966) ಶಾಸನವನ್ನು ರಾಜರ ಕಾಲನಿರ್ಣಯದ ಸಾಧನವೆಂಬ ಸೀಮಿತ ಪಾತ್ರದಿಂದ ಬಿಡಿಸಿ ಜನಜೀವನದ ದಾಖಲೆಯನ್ನಾಗಿ ಓದುವ ಕ್ರಮವನ್ನು ಕಲಿಸಿತು. ಆರ್. ಶೇಷಶಾಸ್ತ್ರಿಯವರು ವೀರಗಲ್ಲುಗಳನ್ನೇ ಕೇಂದ್ರವಾಗಿರಿಸಿಕೊಂಡು ವಿಸ್ತಾರವಾದ ಅಧ್ಯಯನ ನಡೆಸಿದರು. ಎಸ್. ಸೆಟ್ಟರ್ ಮತ್ತು ಜಿ.ಡಿ. ಸೊಂಥೈಮರ್ ಅವರು 1982ರಲ್ಲಿ ಸಂಪಾದಿಸಿದ ಸ್ಮಾರಕ ಶಿಲೆಗಳ ಕುರಿತ ಸಂಪುಟವು ಈ ವಿಷಯವನ್ನು ಅಖಿಲ ಭಾರತ ಮಟ್ಟದ ಚರ್ಚೆಗೆ ತಂದಿತು.

ಈ ವಿದ್ವಾಂಸರ ಶ್ರಮದಿಂದ ವೀರಗಲ್ಲಿನ ರಚನೆ ಈಗ ಎಲ್ಲರಿಗೂ ಪರಿಚಿತವಾಗಿದೆ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ಹೋರಾಟ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ಲಿಂಗದ ಅಥವಾ ಇಷ್ಟದೈವದ ಸನ್ನಿಧಿ. ಸಾವಿಗೆ ಕಾರಣಗಳೂ ಗೊತ್ತಾದ ವರ್ಗಗಳಲ್ಲಿ ಬರುತ್ತವೆ. ತುಱುಗೋಳ್ ಎಂದರೆ ದನಗಳ ಅಪಹರಣ. ಊರಳಿವು ಎಂದರೆ ಊರಿನ ಮೇಲಣ ದಾಳಿ. ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮಾನಕ್ಕೆ ಒದಗಿದ ಅಪಾಯ. ಇವುಗಳೊಂದಿಗೆ ಗಡಿಕಾಳಗ, ಬೇಟೆ, ರಾಜರ ಯುದ್ಧಗಳು ಸೇರುತ್ತವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಪಟ್ಟಿಯಲ್ಲಿ ರಾಜರ ಯುದ್ಧವು ಹಲವು ಕಾರಣಗಳ ಪೈಕಿ ಒಂದು ಮಾತ್ರ. ದನವನ್ನು ಮರಳಿಸಿ ಸತ್ತವನಿಗೂ ಸಾಮ್ರಾಟನ ಪರವಾಗಿ ಸತ್ತವನಿಗೂ ದೊರೆಯುವ ಕಲ್ಲಿನ ರಚನೆ ಒಂದೇ, ಸ್ವರ್ಗವೂ ಒಂದೇ. ಕಲ್ಲಿನ ಅಳತೆ, ಕೆತ್ತನೆಯ ನಾಜೂಕು ಬೇರೆಯಾಗಬಹುದು, ವ್ಯಾಕರಣ ಬೇರೆಯಾಗುವುದಿಲ್ಲ. ಊರಿನ ತುರ್ತೇ ಇಲ್ಲಿ ವೀರತ್ವದ ಅಳತೆಗೋಲು.

ಎರಡನೆಯ ಸಂಗತಿ ದತ್ತಿಗೆ ಸಂಬಂಧಿಸಿದ್ದು. ಕಲ್ನಾಡು, ನೆತ್ತರುಗೊಡಗೆ, ಬಾಳ್ಗಚ್ಚು ಎಂಬ ಪದಗಳು ವೀರಗಲ್ಲಿನ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಮೊದಲನೆಯದು ಕಲ್ಲಿನೊಂದಿಗೆ ಬರುವ ಭೂಮಿ, ಎರಡನೆಯದು ಸುರಿದ ನೆತ್ತರಿಗಾಗಿ ಕೊಟ್ಟ ಕೊಡುಗೆ, ಮೂರನೆಯದು ಖಡ್ಗವನ್ನು ತೊಳೆದು ಗೌರವಿಸುವ ಸಂದರ್ಭದ ದತ್ತಿ. ಸತ್ತವನ ಮನೆಯವರ ಅನ್ನಕ್ಕೂ ಸತ್ತವನ ನೆನಪಿಗೂ ನಡುವೆ ಗೋಡೆಯಿಲ್ಲ. ಎರಡನ್ನೂ ಒಂದೇ ಕಲ್ಲು ಹೇಳುತ್ತದೆ, ಊರಿನವರೆಲ್ಲರೂ ಕಾಣುವ ಜಾಗದಲ್ಲಿ ಹೇಳುತ್ತದೆ. ಆದ್ದರಿಂದ ವೀರಗಲ್ಲನ್ನು ಸ್ಮಾರಕವೆಂದು ಕರೆದರೆ ಅರ್ಧ ಮಾತನ್ನು ಆಡಿದಂತಾಗುತ್ತದೆ. ಅದು ಊರು, ಒಡೆಯ ಮತ್ತು ಸತ್ತವನ ಕುಟುಂಬಗಳ ನಡುವಣ ಬಹಿರಂಗ ಒಪ್ಪಂದವೂ ಹೌದು. ವೀರಗಲ್ಲಿನ ಅಧ್ಯಯನಗಳು ಪಟ್ಟಿಕೆಗಳ ವಿವರಣೆ ಮತ್ತು ವರ್ಗೀಕರಣಗಳಿಗೆ ಕೊಟ್ಟಷ್ಟು ಮಹತ್ವವನ್ನು ಈ ಒಪ್ಪಂದದ ಮುಖಕ್ಕೆ ಕೊಟ್ಟಿಲ್ಲ.

2. ಆತಕೂರು ಮತ್ತು ಬೇಗೂರು: ಓದಿನ ಎರಡು ಮಾದರಿಗಳು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವು ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಶಕ ವರ್ಷ 872ರ ಈ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ 949ರಲ್ಲಿ ತಕ್ಕೋಲದಲ್ಲಿ ನಡೆದ ಯುದ್ಧಕ್ಕೆ ಮುಖ್ಯ ಆಧಾರ. ಚೋಳ ರಾಜಾದಿತ್ಯನು ಗಂಗ ಇಮ್ಮಡಿ ಬೂತುಗನಿಂದ ಹತನಾದ ವಿಷಯ ಇದರಲ್ಲಿದೆ. ಪಠ್ಯಪುಸ್ತಕಗಳು ಈ ಕಲ್ಲನ್ನು ಇಲ್ಲಿಗೇ ಬಿಟ್ಟುಬಿಡುತ್ತವೆ.

ಕಲ್ಲು ಮಾತ್ರ ಅಲ್ಲಿಗೇ ನಿಲ್ಲುವುದಿಲ್ಲ. ಬೂತುಗನ ಸೇವೆಯಲ್ಲಿದ್ದ ಮಣಲೇರನು ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚಿ ಒಡೆಯನು ಬೇಕಾದುದನ್ನು ಕೇಳು ಎಂದಾಗ, ಅವನು ಕಾಳಿ ಎಂಬ ನಾಯಿಯನ್ನು ಕೇಳಿ ಪಡೆಯುತ್ತಾನೆ. ಆ ನಾಯಿ ಮುಂದೆ ಬೆಳ್ತೂರಿನ ಬಳಿಯ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರೊಡನೆ ಹೋರಾಡುತ್ತದೆ; ನಾಯಿಯೂ ಹಂದಿಯೂ ಒಟ್ಟಿಗೆ ಸಾಯುತ್ತವೆ. ಕಲ್ಲನ್ನು ನಿಲ್ಲಿಸಿದ್ದು ಇದಕ್ಕಾಗಿ. ಕೆತ್ತನೆಯಲ್ಲಿ ಕಾಣುವುದು ತಕ್ಕೋಲದ ರಣರಂಗವಲ್ಲ, ನಾಯಿ ಮತ್ತು ಹಂದಿಯ ಕಾಳಗ. ಕಲ್ಲಿನ ಪೂಜೆಗೆ ಭೂಮಿಯನ್ನು ಬಿಡಲಾಗಿದೆ. ಆ ಭೂಮಿಯನ್ನು ಅನುಭವಿಸುವ ಗೊರವನು ಪೂಜೆ ಮಾಡದೆ ಉಣ್ಣಬಾರದೆಂಬ ಕಟ್ಟಳೆಯೂ ಇದೆ.

ರಾಜಕೀಯ ಚರಿತ್ರೆಯ ಕಣ್ಣಿಗೆ ನಾಯಿಯ ಪ್ರಸಂಗವು ತಕ್ಕೋಲದ ವಿವರಕ್ಕೆ ಅಂಟಿಕೊಂಡ ಒಂದು ಸ್ವಾರಸ್ಯ. ಕಲ್ಲಿನ ದೃಷ್ಟಿಯಲ್ಲಿ ತಕ್ಕೋಲವೇ ಹಿನ್ನೆಲೆ. ಸಾಮ್ರಾಜ್ಯಗಳ ಗಡಿಯನ್ನು ನಿರ್ಧರಿಸಿದ ಯುದ್ಧವೊಂದು ಒಂದು ನಾಯಿಯ ಸಾವಿಗೆ ಪೀಠಿಕೆಯಾಗಿ ನಿಲ್ಲುತ್ತದೆ. ಈ ಶ್ರೇಣಿಯನ್ನು ಗುರುತಿಸದೆ ಶಾಸನದಿಂದ ಯುದ್ಧವನ್ನಷ್ಟೇ ಕಿತ್ತು ತೆಗೆದುಕೊಂಡಾಗ ಪಠ್ಯದ ಉದ್ದೇಶವೇ ತಲೆಕೆಳಗಾಗುತ್ತದೆ.

ಬೇಗೂರಿನ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಕಾಲದ್ದೆಂದು ಗುರುತಿಸಲಾದ ಚಿಕ್ಕ ಶಾಸನವೊಂದು ‘ಬೆಂಗಳೂರು ಕಾಳಗ’ವನ್ನು ಹೆಸರಿಸುತ್ತದೆ. ನಗರದ ಹೆಸರಿನ ಅತ್ಯಂತ ಹಳೆಯ ಉಲ್ಲೇಖವೆಂಬ ಕಾರಣಕ್ಕೆ ಇದು ಪ್ರಸಿದ್ಧ. ಬೆಂದಕಾಳೂರಿನ ಕಥೆಯನ್ನು ಅಲ್ಲಗಳೆಯಲು ಇದನ್ನು ಮುಂದಿಡುವುದು ರೂಢಿಯಾಗಿದೆ. ಆದರೆ ಶಾಸನವು ಹುಟ್ಟಿದ್ದು ನಗರದ ಹೆಸರನ್ನು ತಿಳಿಸುವುದಕ್ಕಲ್ಲ. ನಾಗತ್ತರನ ಮನೆಗೆ ಸೇರಿದ ಬುಟ್ಟಣಸೆಟ್ಟಿಯ ಸಾವನ್ನು ತಿಳಿಸುವುದಕ್ಕೆ. ಕಲ್ಲು ಪ್ರಸಿದ್ಧವಾದಷ್ಟೂ ಬುಟ್ಟಣಸೆಟ್ಟಿ ಮರೆಯಾಗಿದ್ದಾನೆ. ರಸಪ್ರಶ್ನೆಗೆ ಒದಗುವ ಸಂಗತಿ ಉಳಿದು, ಸತ್ತವನು ಅಡಿಟಿಪ್ಪಣಿಯಾಗಿದ್ದಾನೆ.

ಅದೇ ಬೇಗೂರಿನಿಂದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದಿರುವ ದೊಡ್ಡ ವೀರಗಲ್ಲು ಇನ್ನೊಂದು ಬಗೆಯದು. ಗಂಗ ಎರೆಯಪ್ಪನ ಪರವಾಗಿ ವೀರಮಹೇಂದ್ರನ ಸೇನೆಯ ವಿರುದ್ಧ ತುಂಬೆಪಾಡಿಯಲ್ಲಿ ಹೋರಾಡಿ ಮಡಿದ ನಾಗತ್ತರನನ್ನು ಕುರಿತದ್ದು. ಆನೆ, ಕುದುರೆ, ಕಾಲಾಳುಗಳು ಒತ್ತೊತ್ತಾಗಿ ಸೇರಿದ ಈ ಕೆತ್ತನೆಯನ್ನು ಕಲಾ ಇತಿಹಾಸಕಾರರು ಮೆಚ್ಚಿದ್ದಾರೆ. ಶಾಸನವು ಮುಂದುವರಿದು, ನಾಗತ್ತರ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಅವನಿಗೆ ಬಿಟ್ಟುದನ್ನು ಹೇಳುತ್ತದೆ. ಸಾವಿನಿಂದ ತೆರವಾದ ಸ್ಥಾನ ತುಂಬಿದೆ, ಒಪ್ಪಂದ ಮುಂದುವರಿದಿದೆ ಎಂಬ ಘೋಷಣೆ ಇದು. ಅಂದರೆ ಕಲ್ಲು ಹಿಂದಕ್ಕೆ ನೋಡುವಷ್ಟೇ ಮುಂದಕ್ಕೂ ನೋಡುತ್ತದೆ.

3. ವೀರಗಲ್ಲಿನ ಮೌನಗಳು

ಇಷ್ಟನ್ನು ಹೇಳಿ ವೀರಗಲ್ಲಿನ ಲೋಕವನ್ನು ನಿರ್ಮಲವೆಂದು ಚಿತ್ರಿಸಿದರೆ ತಪ್ಪಾದೀತು. ವೀರಸ್ವರ್ಗದ ನಂಬಿಕೆಯು ಸಾಯುವವನಿಗೆ ಸಮಾಧಾನ ಕೊಟ್ಟಂತೆಯೇ ಸಾಯಿಸುವ ವ್ಯವಸ್ಥೆಗೂ ಅನುಕೂಲ ಮಾಡಿಕೊಟ್ಟಿದೆ. ಹೊಯ್ಸಳರ ಕಾಲದ ಗರುಡರ ಸಂಪ್ರದಾಯ ಇದಕ್ಕೆ ಕಠಿಣವಾದ ನಿದರ್ಶನ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನು ದೊರೆಯ ಮರಣದೊಡನೆ ತನ್ನ ಹೆಂಡತಿ ಸುಗ್ಗಲದೇವಿ ಮತ್ತು ಅನುಚರರೊಡನೆ ಪ್ರಾಣತ್ಯಾಗ ಮಾಡಿದುದನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದ ಕಂಬ ಹೇಳುತ್ತದೆ. ಲಕ್ಷ್ಮನ ಹೆಸರಿದೆ, ಸುಗ್ಗಲದೇವಿಯ ಹೆಸರಿದೆ. ಜೊತೆಯಲ್ಲಿ ಸತ್ತ ವೀರರು ಸಾವಿರವೆಂಬ ಸಂಖ್ಯೆಯಾಗಿ ನಿಲ್ಲುತ್ತಾರೆ. ಅವರ ತಲೆಗಳು ಅವರ ಇಚ್ಛೆಯಿಂದಲೇ ಉರುಳಿದವೇ ಎಂದು ಕೇಳುವ ಅವಕಾಶವನ್ನು ಪ್ರಶಸ್ತಿಯ ಭಾಷೆ ಕೊಡುವುದಿಲ್ಲ.

ಹೆಣ್ಣಿನ ವಿಷಯದಲ್ಲಿಯೂ ಇಂಥದೇ ಮೌನವಿದೆ. ವೀರಗಲ್ಲಿನ ನಡುವಣ ಪಟ್ಟಿಕೆಯಲ್ಲಿ ಹೆಣ್ಣು ಅಪ್ಸರೆ. ಮಾಸ್ತಿಕಲ್ಲಿನಲ್ಲಿ ಅವಳು ಬಳೆ ತೊಟ್ಟ, ಎತ್ತಿ ಹಿಡಿದ ತೋಳು. ಸತ್ತವನ ಹಿಂದೆ ಉಳಿದು, ನೆತ್ತರುಗೊಡಗೆಯ ಹೊಲವನ್ನು ಉತ್ತು ಮಕ್ಕಳನ್ನು ಸಾಕಿದ ಹೆಣ್ಣಿಗೆ ಪಟ್ಟಿಕೆಯಿಲ್ಲ. ದತ್ತಿಯ ಪದ ಅವಳ ಇರುವನ್ನು ಸೂಚಿಸುತ್ತದೆ. ಚಿತ್ರ ಅವಳನ್ನು ತೋರಿಸುವುದಿಲ್ಲ. ವೀರಗಲ್ಲನ್ನು ಆಧುನಿಕ ಸ್ಮಾರಕದೊಡನೆ ಹೋಲಿಸುವಾಗ ಈ ಕೊರತೆಯನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

4. ಕಂಪನಿಯ ಕಲ್ಲುಗಳು

ಈಸ್ಟ್ ಇಂಡಿಯಾ ಕಂಪನಿಯ ಯುದ್ಧಗಳೊಂದಿಗೆ ಕರ್ನಾಟಕದ ನೆಲಕ್ಕೆ ಬೇರೊಂದು ಬಗೆಯ ಕಲ್ಲು ಬಂದಿತು. ಇದರ ಆಕಾರ ಚೂಪುಗಂಬ, ಭಾಷೆ ಇಂಗ್ಲಿಷು, ಕ್ರಮ ಹುದ್ದೆಯ ಶ್ರೇಣಿ. ಪೊಲ್ಲಿಲೂರಿನಲ್ಲಿ 1780ರ ಸೆಪ್ಟೆಂಬರ್ 10ರಂದು ಸೆರೆಸಿಕ್ಕಿ, 1782ರಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡ ಕರ್ನಲ್ ಬೇಲಿಯ ಸ್ಮಾರಕವನ್ನು ಅವನ ಸೋದರನ ಮಗ 1816ರಲ್ಲಿ ಗುಂಬಜ್‌ನ ಸಮೀಪದಲ್ಲಿ ಕಟ್ಟಿಸಿದನು. ಅದೇ ಯುದ್ಧವನ್ನು ಗೆದ್ದವರ ಕಡೆಯಿಂದ ನೋಡಬೇಕಾದರೆ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಗೆ ಹೋಗಬೇಕು. ಅಲ್ಲಿಯ ಬಣ್ಣದ ಚಿತ್ರದಲ್ಲಿ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಸುತ್ತಲೂ ಮೈಸೂರಿನ ಕುದುರೆಗಳು ಮುತ್ತಿವೆ. ಒಂದೇ ಯುದ್ಧಕ್ಕೆ ಒಂದೇ ಊರಿನಲ್ಲಿ ಎರಡು ಸ್ಮೃತಿಗಳು. ಒಂದು ಸೋತವನ ಬಂಧುವಿನ ದುಃಖ, ಇನ್ನೊಂದು ಗೆದ್ದವನ ಸಂಭ್ರಮ. ಎರಡರಲ್ಲಿಯೂ ಸಾಮಾನ್ಯ ಸಿಪಾಯಿಗೆ ಹೆಸರಿಲ್ಲ.

ಶ್ರೀರಂಗಪಟ್ಟಣದ ಕೋಟೆ 1799ರ ಮೇ 4ರಂದು ಬಿದ್ದಿತು. ಆ ಮುತ್ತಿಗೆಯಲ್ಲಿ ಸತ್ತ ಕಂಪನಿ ಪಕ್ಷದವರ ನೆನಪಿಗಾಗಿ 1907ರಲ್ಲಿ ಕೋಟೆಯ ಒಡೆದ ಗೋಡೆಯ ಬಳಿ ಸ್ಮಾರಕವನ್ನು ನಿಲ್ಲಿಸಿದ್ದು ಮೈಸೂರು ಸರ್ಕಾರವೇ. ಕೋಟೆಯನ್ನು ಕಾಯುತ್ತ ಸತ್ತ ಸಾವಿರಾರು ಮಂದಿಯ ಹೆಸರು ಯಾವ ಕಲ್ಲಿನ ಮೇಲೂ ಏರಲಿಲ್ಲ. ಗೆದ್ದವರು ಬರೆಯುತ್ತಾರೆ ಎಂಬ ಗಾದೆಯಂಥ ಮಾತಿನಿಂದ ಇದನ್ನು ವಿವರಿಸಿ ಮುಗಿಸಬಹುದು. ಆದರೆ ವೀರಗಲ್ಲಿನ ಸಂಪ್ರದಾಯದಲ್ಲಿ ಸೋತ ಪಕ್ಷದ ವೀರನಿಗೂ ಅವನ ಊರು ಕಲ್ಲು ನಿಲ್ಲಿಸುತ್ತಿತ್ತು. ನೆನಪಿನ ಹಕ್ಕು ಗೆಲುವನ್ನು ಅವಲಂಬಿಸಿರಲಿಲ್ಲ. ಆ ಹಕ್ಕು ಊರಿನ ಕೈಯಿಂದ ರಾಜ್ಯದ ಕೈಗೆ ದಾಟಿದುದೇ ಇಲ್ಲಿ ಆದ ಮುಖ್ಯ ಪಲ್ಲಟ.

ಬೆಂಗಳೂರಿನ ಸೆನೊಟಾಫ್ ಈ ಪಲ್ಲಟದ ಇನ್ನೊಂದು ಕೊನೆ. 1791ರ ಬೆಂಗಳೂರಿನ ಮುತ್ತಿಗೆಯಲ್ಲಿ ಸತ್ತ ಕಂಪನಿ ಪಕ್ಷದವರಿಗಾಗಿ ನಿಂತಿದ್ದ ಈ ಸ್ತಂಭವನ್ನು ಕನ್ನಡ ಚಳವಳಿಗಾರರ ವಿರೋಧದ ಹಿನ್ನೆಲೆಯಲ್ಲಿ 1964ರಲ್ಲಿ ಕೆಡವಲಾಯಿತು. ಅದರ ಹೆಸರನ್ನು ಹೊತ್ತಿದ್ದ ರಸ್ತೆ ನೃಪತುಂಗ ರಸ್ತೆಯಾಯಿತು. ಕೆಡಹುವಿಕೆಯ ಹಿಂದಿನ ಭಾವನೆ ಅರ್ಥವಾಗುವಂಥದು. ಆದರೆ ಕೆಡವಿದ ಜಾಗದಲ್ಲಿ ಪೇಟೆಯ ಕೋಟೆಯನ್ನು ಕಾಯ್ದು ಸತ್ತವರ ನೆನಪು ಬಂದು ನಿಲ್ಲಲಿಲ್ಲ. ಸ್ಮಾರಕವನ್ನು ತೆಗೆಯುವುದು ಮತ್ತು ಮರೆತವರನ್ನು ನೆನೆಯುವುದು ಬೇರೆ ಬೇರೆ ಕೆಲಸಗಳು. ಮೊದಲನೆಯದನ್ನು ಮಾಡಿದಾಗ ಎರಡನೆಯದು ತಾನಾಗಿ ಆಗುವುದಿಲ್ಲ.

ಕಂಪನಿಯ ಕಲ್ಲುಗಳಲ್ಲಿಯೂ ದೇಸಿ ಸಿಪಾಯಿಯ ಹೆಸರು ಬಂದಿರುವ ನಿದರ್ಶನಗಳಿವೆ. ಪುಣೆಯ ಸಮೀಪದ ಕೋರೆಗಾಂವ್‌ನಲ್ಲಿ 1818ರ ಜನವರಿ 1ರಂದು ನಡೆದ ಕಾಳಗದ ಸ್ತಂಭದ ಮೇಲೆ ಸತ್ತ 49 ಮಂದಿಯ ಹೆಸರುಗಳಿವೆ. ಅವರಲ್ಲಿ 22 ಮಂದಿ ಮಹಾರರು. ಕಂಪನಿಯು ತನ್ನ ವಿಜಯಕ್ಕಾಗಿ ನಿಲ್ಲಿಸಿದ ಈ ಕಲ್ಲಿಗೆ 1927ರ ಜನವರಿ 1ರಂದು ಡಾ. ಬಿ.ಆರ್. ಅಂಬೇಡ್ಕರ್ ಭೇಟಿ ಕೊಟ್ಟರು. ಅಲ್ಲಿಂದ ಮುಂದೆ ಅದು ದಲಿತ ಸ್ವಾಭಿಮಾನದ ತಾಣವಾಗಿ ಬೆಳೆಯಿತು. ನಿಲ್ಲಿಸಿದವರ ಉದ್ದೇಶವನ್ನು ಮೀರಿ ಕಲ್ಲು ಬೇರೆಯವರದಾಯಿತು. ಇದನ್ನು ಸಾಧ್ಯಮಾಡಿದ್ದು ಅದರ ಮೇಲೆ ಕೊರೆದಿದ್ದ ಹೆಸರುಗಳು. ಹೆಸರುಗಳ ಬದಲಿಗೆ ಸಂಖ್ಯೆಯಷ್ಟೇ ಇದ್ದಿದ್ದರೆ ವಾರಸುದಾರರು ಅದನ್ನು ತಮ್ಮದೆಂದು ಹೇಳಿಕೊಳ್ಳುವುದು ಕಷ್ಟವಾಗುತ್ತಿತ್ತು.

5. ಹೈಫಾ: ಕುದುರೆಗಳಿಲ್ಲದ ಸ್ಮಾರಕ

ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯು 1914ರಲ್ಲಿ ಈಜಿಪ್ಟಿಗೆ ತೆರಳಿತು. ಜೋಧಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಅಶ್ವಪಡೆಗಳೊಡನೆ 15ನೆಯ ಅಶ್ವದಳದ ಬ್ರಿಗೇಡಿನಲ್ಲಿ ಸೇರಿ, ಸೂಯೆಜ್ ಕಾಲುವೆಯ ರಕ್ಷಣೆಯಿಂದ ಹಿಡಿದು ಪ್ಯಾಲೆಸ್ಟೈನ್ ಹಾಗೂ ಸಿರಿಯಾಗಳವರೆಗೆ ಸೇವೆ ಸಲ್ಲಿಸಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿಯುವ ಕಾಳಗದಲ್ಲಿ ಮೈಸೂರಿನ ತುಕಡಿಯೊಂದು ಕಾರ್ಮೆಲ್ ಬೆಟ್ಟವನ್ನೇರಿ ಅಲ್ಲಿಯ ಫಿರಂಗಿಗಳನ್ನು ವಶಪಡಿಸಿಕೊಂಡಿತು. ಜೋಧಪುರದ ಸವಾರರು ನೇರವಾಗಿ ನಗರದ ಕಡೆಗೆ ನುಗ್ಗಿದರು. ಅವರ ಮುಂದಾಳು ಮೇಜರ್ ದಲಪತ್ ಸಿಂಗ್ ಮಡಿದರು. ಸೆರೆಸಿಕ್ಕವರು 1,350 ಮಂದಿ. ದೊರೆತದ್ದು 17 ಫಿರಂಗಿಗಳು ಮತ್ತು 11 ಮಷಿನ್‌ಗನ್‌ಗಳು. ಆಕ್ರಮಣ ನಡೆಸಿದವರಲ್ಲಿ 8 ಮಂದಿ ಸತ್ತು 34 ಮಂದಿ ಗಾಯಗೊಂಡರು. ಸತ್ತ ಕುದುರೆಗಳು 60, ಗಾಯಗೊಂಡ ಕುದುರೆಗಳು 83.

ಈ ಕಾಳಗವನ್ನು ಕುರಿತ ಜನಪ್ರಿಯ ಬರಹಗಳಲ್ಲಿ ಎರಡು ಮಾತುಗಳು ಮರುಕಳಿಸುತ್ತವೆ. ಇದು ಜಗತ್ತಿನ ಕೊನೆಯ ಅಶ್ವದಳದ ಆಕ್ರಮಣ ಎಂಬುದು ಮೊದಲನೆಯದು. ದೆಹಲಿಯ ತೀನ್ ಮೂರ್ತಿ ಹೈಫಾದ ವೀರರ ಸ್ಮಾರಕ ಎಂಬುದು ಎರಡನೆಯದು. ಎರಡನ್ನೂ ಪರಿಶೀಲಿಸಬೇಕಾಗಿದೆ.

ಮೊದಲ ಮಾತು ಮೈಸೂರು ಲ್ಯಾನ್ಸರ್ಸ್‌ಗೇ ಅನ್ಯಾಯ ಮಾಡುತ್ತದೆ. ಹೈಫಾದ ನಂತರ, 1918ರ ಅಕ್ಟೋಬರ್ 26ರಂದು, ಅಲೆಪ್ಪೋದ ಉತ್ತರಕ್ಕಿರುವ ಹರಿತಾನ್‌ನಲ್ಲಿ ಇದೇ ಮೈಸೂರು ಮತ್ತು ಜೋಧಪುರದ ಪಡೆಗಳು ತಮಗಿಂತ ಬಲವಾದ ತುರ್ಕಿ ಸೇನೆಯ ಮೇಲೆ ಕುದುರೆಯ ಮೇಲಿಂದಲೇ ಎರಗಿದವು. ಆ ದಿನ ಆಕ್ರಮಣ ಯಶಸ್ವಿಯಾಗಲಿಲ್ಲ. ನಾಲ್ಕು ದಿನಗಳ ಬಳಿಕ ತುರ್ಕಿಯೊಡನೆ ಕದನವಿರಾಮಕ್ಕೆ ಸಹಿ ಬಿದ್ದಿತು. ಎರಡನೆಯ ಮಹಾಯುದ್ಧದಲ್ಲಿಯೂ ಅಶ್ವದಳದ ಆಕ್ರಮಣಗಳು ನಡೆದಿವೆ. 1942ರ ಆಗಸ್ಟಿನಲ್ಲಿ ರಷ್ಯದ ಇಜ್ಬುಷೆನ್‌ಸ್ಕಿಯಲ್ಲಿ ಇಟಲಿಯ ಸವಾರರು ನಡೆಸಿದ್ದು ಪ್ರಸಿದ್ಧ ಉದಾಹರಣೆ. ಹಾಗಾಗಿ ‘ಕೊನೆಯದು’ ಎಂಬ ವಿಶೇಷಣ ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾದುದು, ಗೆಲುವಿನ ಹೈಫಾ ಉಳಿದು ಸೋಲಿನ ಹರಿತಾನ್ ಅಳಿಸಿಹೋಗಿರುವುದು. ಗೆಲುವಿನಲ್ಲಿ ಸತ್ತವನಿಗೆ ದಿನಾಚರಣೆಯಿದೆ, ನಾಲ್ಕೈದು ವಾರಗಳ ಬಳಿಕ ಕೈಗೂಡದ ಆಕ್ರಮಣದಲ್ಲಿ ಸತ್ತ ಅದೇ ಪಡೆಯ ಸವಾರನಿಗೆ ಇಲ್ಲ. ವೀರಗಲ್ಲನ್ನು ಕೆತ್ತಿದ ಊರು ಈ ಭೇದವನ್ನು ಒಪ್ಪುತ್ತಿರಲಿಲ್ಲ.

ಎರಡನೆಯ ಮಾತೂ ಹೀಗೆಯೇ. ಲೆನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿ ರೂಪಿಸಿದ, 1922ರ ಕಾಲದ ತೀನ್ ಮೂರ್ತಿಯ ಮೂರು ಕಂಚಿನ ಪ್ರತಿಮೆಗಳು ಜೋಧಪುರ, ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳನ್ನು ಪ್ರತಿನಿಧಿಸುತ್ತವೆ. ಹೈಫಾದ ಆಕ್ರಮಣದಲ್ಲಿ ಹೈದರಾಬಾದ್ ಲ್ಯಾನ್ಸರ್ಸ್ ಭಾಗವಹಿಸಿರಲಿಲ್ಲ. ಆದ್ದರಿಂದ ಸ್ಮಾರಕವು ಸಿನಾಯ್, ಪ್ಯಾಲೆಸ್ಟೈನ್ ಮತ್ತು ಸಿರಿಯಾಗಳಲ್ಲಿ ಮೂರೂ ಪಡೆಗಳು ನಾಲ್ಕು ವರ್ಷ ಸಲ್ಲಿಸಿದ ಒಟ್ಟು ಸೇವೆಯ ನೆನಪು. 2018ರ ಜನವರಿಯಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಎಂಬ ಹೆಸರು ಬಂದಾಗ ಈ ವಿಸ್ತಾರ ಒಂದು ದಿನಕ್ಕೆ ಕುಗ್ಗಿತು. ಮೂರನೆಯ ಪ್ರತಿಮೆ ತಾನು ಇಲ್ಲದ ಕಾಳಗವೊಂದರ ಹೆಸರಿನಡಿ ನಿಲ್ಲಬೇಕಾಯಿತು.

ಶಿಲ್ಪದ ದೃಷ್ಟಿಯಿಂದಲೂ ಒಂದು ಮಾತನ್ನು ಹೇಳಬೇಕು. ಅಶ್ವದಳದ ಈ ಸ್ಮಾರಕದಲ್ಲಿ ಕುದುರೆಯಿಲ್ಲ. ಮೂವರೂ ನೆಲದ ಮೇಲೆ ನಿಂತ, ನಿರ್ದಿಷ್ಟ ವ್ಯಕ್ತಿಯಲ್ಲದ, ಮಾದರಿ ಯೋಧರು. ಮನುಷ್ಯರಿಗಿಂತ ಕುದುರೆಗಳೇ ಹೆಚ್ಚು ಸತ್ತ ಕಾಳಗಕ್ಕೆ ಈಗ ಇದೇ ಗುರುತು. ವೀರಗಲ್ಲಿನ ಶಿಲ್ಪಿ ಕುದುರೆಯನ್ನು ಬಿಡುತ್ತಿರಲಿಲ್ಲ, ಆತಕೂರಿನ ಶಿಲ್ಪಿ ನಾಯಿಯನ್ನೇ ನಾಯಕನನ್ನಾಗಿಸಿದನು. ಬೇಸಾಯ ಮತ್ತು ಪಶುಪಾಲನೆಯ ಸಮಾಜ ತನ್ನ ಜೊತೆಗಾರ ಪ್ರಾಣಿಯನ್ನು ಕಂಡ ಬಗೆಗೂ, ಸೇನೆಯ ಲೆಕ್ಕಪತ್ರ ಕುದುರೆಯನ್ನು ನಷ್ಟದ ಪಟ್ಟಿಗೆ ಸೇರಿಸಿದ ಬಗೆಗೂ ಇರುವ ಅಂತರವನ್ನು ಈ ಎರಡು ಶಿಲ್ಪಗಳು ತೋರಿಸುತ್ತವೆ.

6. ರೆಜಿಮೆಂಟೆಂಬ ವಂಶ, ಹಳ್ಳಿಯೆಂಬ ಸಂಖ್ಯೆ

ಮೈಸೂರು ಲ್ಯಾನ್ಸರ್ಸ್ ಪಡೆಯು ಸ್ವಾತಂತ್ರ್ಯಾನಂತರ, 1953ರಲ್ಲಿ, ಬೇರೆ ಸಂಸ್ಥಾನಗಳ ಅಶ್ವಪಡೆಗಳೊಂದಿಗೆ 61ನೆಯ ಕ್ಯಾವಲ್ರಿಯಲ್ಲಿ ಲೀನವಾಯಿತು. ಹೈಫಾ ದಿನದ ಆಚರಣೆ ಆ ರೆಜಿಮೆಂಟಿನ ಮೂಲಕ ಮುಂದುವರಿದು ಬಂದಿದೆ. ಜಾನಪದದ ಪರಿಭಾಷೆಯಲ್ಲಿ ಹೇಳುವುದಾದರೆ ರೆಜಿಮೆಂಟು ಒಂದು ಕೃತಕ ವಂಶ. ಅದಕ್ಕೆ ಮೂಲಪುರುಷರಿದ್ದಾರೆ, ಲಾಂಛನವಿದೆ, ವಾರ್ಷಿಕ ಸ್ಮರಣೆಯಿದೆ, ಯುದ್ಧಗೌರವಗಳೆಂಬ ಬಿರುದಾವಳಿಯಿದೆ. ಹಳೆಯ ಬಿರುದಾವಳಿಯು ವ್ಯಕ್ತಿಗೆ ಸಲ್ಲುತ್ತಿತ್ತು, ಇದು ಸಂಸ್ಥೆಗೆ ಸಲ್ಲುತ್ತದೆ. ಸತ್ತ ಸವಾರನ ಸ್ಮರಣೆಯನ್ನು ಅವನ ರಕ್ತಸಂಬಂಧಿಗಳಿಗಿಂತ ಹೆಚ್ಚು ಕ್ರಮಬದ್ಧವಾಗಿ ಈ ವಂಶವೇ ನಡೆಸಿಕೊಂಡು ಬರುತ್ತದೆ. ಇದು ರೆಜಿಮೆಂಟಿನ ದೊಡ್ಡ ಬಲ. ಅದರ ಬೆಲೆಯೂ ಇದೆ: ಸ್ಮರಣೆ ಊರಿನಿಂದ ದಂಡಿನ ಪ್ರದೇಶಕ್ಕೆ ವಲಸೆ ಹೋಗುತ್ತದೆ.

ಮೊದಲ ಮಹಾಯುದ್ಧದ ನಂತರ ಊರುಗಳಲ್ಲಿ ಉಳಿದದ್ದು ಏನು? ಭಾರತದ ಹಲವು ಹಳ್ಳಿಗಳಲ್ಲಿ ಬ್ರಿಟಿಷ್ ಸರ್ಕಾರ ಒಂದೇ ಮಾದರಿಯ ಫಲಕಗಳನ್ನು ನೆಡಿಸಿತು. ಈ ಹಳ್ಳಿಯಿಂದ ಇಷ್ಟು ಜನ ಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂಬುದಷ್ಟೇ ಅವುಗಳ ಒಕ್ಕಣೆ. ಎರಡು ಸಂಖ್ಯೆಗಳು, ಹೆಸರಿಲ್ಲ, ದತ್ತಿಯಿಲ್ಲ, ಚಿತ್ರವಿಲ್ಲ. ವೀರಗಲ್ಲಿನಂತೆಯೇ ಇದೂ ಊರಿನ ನಡುವೆ ನಿಂತಿದೆ. ಆದರೆ ಊರಿನವರು ಅದರೊಡನೆ ಮಾಡಬಹುದಾದ ಕೆಲಸ ಯಾವುದೂ ಇಲ್ಲ. ಕೋರೆಗಾಂವ್‌ನ ಹೆಸರುಗಳಿಗೂ ಈ ಸಂಖ್ಯೆಗಳಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ನೆನೆಯಬೇಕು. ಪಿಂಚಣಿಯು ಕಡತಕ್ಕೆ ಹೋಯಿತು, ಸಂಖ್ಯೆ ಕಲ್ಲಿಗೆ ಬಂದಿತು. ನೆತ್ತರುಗೊಡಗೆಯ ಶಾಸನ ಒಂದುಗೂಡಿಸಿದ್ದನ್ನು ಆಧುನಿಕ ರಾಜ್ಯ ಎರಡಾಗಿ ಬೇರ್ಪಡಿಸಿತು.

ಊರಿನ ಕೈಯಲ್ಲಿ ಉಳಿದ ಸಾಧನ ಹಾಡು. ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯ ಬೇಡರ ಕಥೆಯೂ ಸಂಗೊಳ್ಳಿ ರಾಯಣ್ಣನ ಕಥೆಯೂ ಇವೆ. ಹಲಗಲಿಯ ಬೇಡರು 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಗೆ ಎದುರಾಗಿ ನಿಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರಲ್ಲಿ 19 ಮಂದಿ ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿದರು. ಆಯುಧ ಬಿಡೆವೆಂದು ಹೋರಾಡಿದವರಿಗೆ ರಾಜ್ಯ ಕಲ್ಲು ನಿಲ್ಲಿಸಲಿಲ್ಲ, ಲಾವಣಿಕಾರ ಹೆಸರು ಹಿಡಿದು ಹಾಡಿದನು. ಆ ಹಾಡನ್ನು ಸಂಗ್ರಹಿಸಿ ಅಚ್ಚು ಮಾಡಿದವನು ಅದೇ ಸರ್ಕಾರದ ಅಧಿಕಾರಿ ಎಂಬುದು ವಿಚಿತ್ರವಾದರೂ ನಿಜ. ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ರಾಯಣ್ಣನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳ ಫಲ ಬೇಡುವವರು ತೊಟ್ಟಿಲು ಕಟ್ಟುವ ಪದ್ಧತಿ ಬೆಳೆದಿದೆ. ಗಲ್ಲಿಗೇರಿದವನಲ್ಲಿ ಸಂತಾನವನ್ನು ಬೇಡುವ ಈ ನಂಬಿಕೆ ವೀರಗಲ್ಲಿನ ಒಳಾರ್ಥವನ್ನೇ ಬೇರೆ ರೂಪದಲ್ಲಿ ಮುಂದುವರಿಸಿದೆ. ಊರಿಗಾಗಿ ಸತ್ತವನು ಊರಿನ ಮುಂದಿನ ಪೀಳಿಗೆಯನ್ನು ಕಾಯುತ್ತಾನೆ ಎಂಬುದು ಆ ಅರ್ಥ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಸ್ಮಾರಕವನ್ನು ಓದಲು ಮೂರು ಪ್ರಶ್ನೆಗಳು ದೊರೆಯುತ್ತವೆ. ಕಲ್ಲಿನ ಮೇಲೆ ಹೆಸರಿದೆಯೇ? ಸತ್ತವನ ಕುಟುಂಬಕ್ಕೂ ಕಲ್ಲಿಗೂ ಬಹಿರಂಗ ಸಂಬಂಧವಿದೆಯೇ? ಕಲ್ಲಿಗೆ ಸಲ್ಲುವ ಸೇವೆಯನ್ನು ನಡೆಸುವವರು ಯಾರು? ಈ ಪ್ರಶ್ನೆಗಳ ಮುಂದೆ ಯಾವ ಸ್ಮಾರಕವೂ ಪೂರ್ಣವಾಗಿ ನಿಲ್ಲುವುದಿಲ್ಲ. ಅನೇಕ ವೀರಗಲ್ಲುಗಳ ಅಕ್ಷರ ಸವೆದು ಹೆಸರು ಹೋಗಿದೆ. ವೀರಣ್ಣನೆಂದೋ ಈರಗಾರನೆಂದೋ ಪೂಜೆ ಉಳಿದಿದೆ. ಇನ್ನು ಕೆಲವು ಪೂಜೆಯನ್ನೂ ಕಳೆದುಕೊಂಡು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆರೆಯ ಏರಿಗೆ ಸೇರಿವೆ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ, 2019ರಲ್ಲಿ ಅದು ಉದ್ಘಾಟನೆಯಾದಾಗ, 25 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು. ಹುದ್ದೆಯ ಭೇದವಿಲ್ಲದೆ ಪ್ರತಿಯೊಬ್ಬನಿಗೂ ಒಂದು ಕಲ್ಲು ದೊರೆತಿರುವುದು ದೊಡ್ಡ ಮುನ್ನಡೆ. ಆದರೆ ಆ ಕಲ್ಲು ಅವನ ಊರಿನಿಂದ ದೂರವಿದೆ.

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕ ಉದ್ಯಾನದ ಬೃಹತ್ ಏಕಶಿಲೆಗೆ ‘ವೀರಗಲ್ಲು’ ಎಂದೇ ಹೆಸರಿಟ್ಟಿರುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾದುದು. ಹಳೆಯ ಪದ ಹೊಸ ಕಲ್ಲಿಗೆ ಬಂದಿದೆ. ಆದರೆ ವೀರಗಲ್ಲಿನ ಹಿರಿಮೆ ಅದರ ಎತ್ತರದಲ್ಲಿ ಇರಲಿಲ್ಲ. ಮೊಣಕಾಲೆತ್ತರದ ಕಲ್ಲೂ ಒಬ್ಬನ ಹೆಸರನ್ನು, ಅವನು ಉಳಿಸಿದ ದನಗಳನ್ನು, ಅವನ ಮಕ್ಕಳಿಗೆ ಬಿಟ್ಟ ಹೊಲವನ್ನು ಒಟ್ಟಿಗೆ ಹೇಳುತ್ತಿತ್ತು. ಪದವನ್ನು ತೆಗೆದುಕೊಂಡವರು ಆ ಪದದೊಳಗಿನ ಹೊಣೆಯನ್ನೂ ತೆಗೆದುಕೊಳ್ಳಬೇಕಾಗುತ್ತದೆ.

ಈ ದಿಕ್ಕಿನಲ್ಲಿ ಜಾನಪದ ಅಧ್ಯಯನಕ್ಕೆ ನಿರ್ದಿಷ್ಟವಾದ ಕೆಲಸವಿದೆ. ವೀರಗಲ್ಲುಗಳ ಸಮೀಕ್ಷೆಯು ಶಾಸನಪಾಠ ಮತ್ತು ಅಳತೆಗಳಿಗೆ ನಿಲ್ಲದೆ, ಪ್ರತಿ ಕಲ್ಲಿನ ಸುತ್ತ ಈಗ ನಡೆಯುವ ಸೇವೆ, ಅದನ್ನು ನಡೆಸುವ ಮನೆತನ, ಹೇಳುವ ಕಥೆಗಳನ್ನು ದಾಖಲಿಸಬೇಕು. ಮಹಾಯುದ್ಧಗಳಿಗೆ ಹೋದ ಸೈನಿಕರ ವಂಶಸ್ಥರ ಮನೆಗಳಲ್ಲಿ ಉಳಿದಿರುವ ಮಾತು, ಪದಕ, ಪಟಗಳನ್ನು ಇದೇ ಕ್ರಮದಲ್ಲಿ ಸಂಗ್ರಹಿಸಬೇಕು. ರೆಜಿಮೆಂಟಿನ ಇತಿಹಾಸ ಮತ್ತು ಊರಿನ ನೆನಪು ಒಂದೇ ಪುಟದಲ್ಲಿ ಸೇರಿದಾಗ, ಬುಟ್ಟಣಸೆಟ್ಟಿಯಾಗಲಿ ಹರಿತಾನ್‌ನಲ್ಲಿ ಬಿದ್ದ ಸವಾರನಾಗಲಿ ಯಾವುದೋ ‘ಮೊದಲು’ ಅಥವಾ ‘ಕೊನೆ’ಯ ಸಾಕ್ಷಿಯಾಗಿ ಉಳಿಯದೆ, ತನ್ನ ಹೆಸರಿನಿಂದಲೇ ಚರಿತ್ರೆಯಲ್ಲಿ ನಿಲ್ಲುವುದು ಸಾಧ್ಯವಾಗುತ್ತದೆ.